ಸಣ್ಣಾಟದಲ್ಲಿ ಮನೆಯ ಹೊಸ್ತಿಲು

ಕಣಕುಂಬಿಯಲ್ಲಿ ಹುಟ್ಟಿ ಖಾನಾಪುರವನ್ನು ಹಾದು ಪೂರ್ವದ ಬಯಲಿಗೆ ಇಳಿಯುವ ಮಲಪ್ರಭೆಯ ಸೀಮೆಯೂ ಅದರ ಉತ್ತರಕ್ಕಿರುವ ಘಟಪ್ರಭೆಯ ಸೀಮೆಯೂ ಸಣ್ಣಾಟದ ನೆಲೆಗಳು. ಯುದ್ಧಕಥೆಗಳನ್ನು ಭಾರಿ ವೇಷಗಳಲ್ಲಿ ಆಡುವ ದೊಡ್ಡಾಟಕ್ಕಿಂತ ಭಿನ್ನವಾಗಿ, ಸರಳ ವೇಷ, ಆಡುಮಾತು ಮತ್ತು ಹಾಡುಗಳಲ್ಲಿ ಕಥೆ ಕಟ್ಟುವ ಬಯಲಾಟಕ್ಕೆ ಈ ಹೆಸರು. ಮನೆಯೊಳಗಿನ ಮಾತು ಎಷ್ಟರಮಟ್ಟಿಗೆ ಹೊರಗೆ ಹೋಗಬಹುದು, ಹೊರಗಿನವರು ಎಲ್ಲಿಯವರೆಗೆ ಒಳಗೆ ಬರಬಹುದು ಎಂಬ ಪ್ರಶ್ನೆಯನ್ನು ಕಿರುತೆರೆಯ ಹಾಸ್ಯ ಧಾರಾವಾಹಿಗಳಿಗಿಂತ ಬಹುಕಾಲ ಮೊದಲೇ ಈ ಆಟಗಳು ಊರಿನ ಮುಂದೆ ಇಟ್ಟಿದ್ದವು.

ಅಪರಾಳ ತಮ್ಮಣ್ಣನು ರಚಿಸಿದ, ಕುಲಗೋಡ ತಮ್ಮಣ್ಣನು ತಿದ್ದಿ ಬೆಳೆಸಿದ, ಮುಂದೆ ಕೌಜಲಗಿ ನಿಂಗಮ್ಮನವರಂಥ ಕಲಾವಿದೆಯರಿಂದ ಮನೆಮಾತಾದ 'ಶ್ರೀಕೃಷ್ಣ ಪಾರಿಜಾತ'ವು ಮೂಲತಃ ಸವತಿಯರ ಮನೆಯ ಕಥೆ. ನಾರದನು ತಂದ ಪಾರಿಜಾತ ಪುಷ್ಪ ರುಕ್ಮಿಣಿಯ ಪಾಲಾದ ಸುದ್ದಿ ಸತ್ಯಭಾಮೆಗೆ ಮುಟ್ಟುತ್ತಲೇ ಅವಳು ಮುನಿಯುತ್ತಾಳೆ. ಒಂದು ಮನೆಯ ಗುಟ್ಟು ಇನ್ನೊಂದು ಮನೆಗೆ ದಾಟುವುದರಿಂದಲೇ ಇಲ್ಲಿ ನಗೆ ಹುಟ್ಟುತ್ತದೆ. ಆದರೆ ಆ ಮುನಿಸನ್ನು ಆಟ ಹಗುರಾಗಿ ಕಾಣುವುದಿಲ್ಲ, ಏಕೆಂದರೆ ದೇವರೇ ಆದ ಕೃಷ್ಣನೂ ಹೆಂಡತಿಯನ್ನು ಓಲೈಸಿ ಅವಳ ಮನಸ್ಸು ತಿಳಿಯಾಗುವವರೆಗೆ ಕಾಯಬೇಕಾಗುತ್ತದೆ.

ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನು ಆಧರಿಸಿದ, ಪತ್ತಾರ ಮಾಸ್ತರರ ಹೆಸರಿನೊಂದಿಗೆ ಬೆಸೆದುಕೊಂಡಿರುವ 'ಸಂಗ್ಯಾ ಬಾಳ್ಯಾ' ಇದೇ ಗಡಿಯ ಕರಾಳ ಮುಖವನ್ನು ತೋರಿಸುತ್ತದೆ. ಈರಣ್ಣನ ಹೆಂಡತಿ ಗಂಗೆಯನ್ನು ಬಯಸುವ ಸಂಗ್ಯಾ ಮಧ್ಯವರ್ತಿಗಳ ಮೂಲಕ ಇನ್ನೊಬ್ಬರ ಮನೆಯ ಹೊಸ್ತಿಲು ದಾಟುತ್ತಾನೆ. ಕೊನೆಗೆ ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾಗುತ್ತಾನೆ. ಪಾರಿಜಾತದಲ್ಲಿ ನಗೆ ತಂದ ಮಾತಿನ ಸಾಗಾಟ ಇಲ್ಲಿ ಜೀವ ತೆಗೆಯುತ್ತದೆ.

2000ರಲ್ಲಿ ಆರಂಭವಾದ ಈಟಿವಿ ಕನ್ನಡದಲ್ಲಿ ಮುಂದೆ ಪ್ರಸಾರವಾದ 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಯಂಥ ಧಾರಾವಾಹಿಗಳು ಹೊಸ ಮಾಧ್ಯಮದಲ್ಲಿ ಇದೇ ಸಾಮಗ್ರಿಯನ್ನು ಬಳಸಿದವು. ದಂಪತಿಗಳ ಜಗಳಕ್ಕೆ ಮೂರನೆಯವರು ಕಿವಿಗೊಡುವುದು, ಕರೆಯದವರು ನಡುಮನೆಗೆ ಬರುವುದು ಈ ಬಗೆಯ ಹಾಸ್ಯಕ್ಕೆ ಸದಾ ಒದಗುವ ಸಂದರ್ಭಗಳು. ಬಯಲಾಟದಲ್ಲಿ ಇಡೀ ಊರು ಒಟ್ಟಿಗೆ ಕುಳಿತು ನೋಡುತ್ತಿದ್ದ ಸಂಸಾರವನ್ನು ಕಿರುತೆರೆಯು ಪ್ರತಿಯೊಂದು ಸಂಸಾರದ ನಡುಮನೆಗೇ ತಂದಿತು.

ಅತಿಕ್ರಮಿಸುವವನನ್ನು ಕಂಡು ನಗುವುದು ಒಂದು, ಗುಟ್ಟು ಬಯಲಾಗಿ ನೊಂದವಳನ್ನು ಕಂಡು ನಗುವುದು ಇನ್ನೊಂದು. ಮುನಿದು ದೂರ ಸರಿಯುವ ಹಕ್ಕನ್ನು ಭಾಮೆಗೆ ಉಳಿಸಿಕೊಟ್ಟುದರಿಂದಲೇ ಪಾರಿಜಾತದ ನಗೆ ತಲೆಮಾರುಗಳ ಕಾಲ ಬಾಳಿತು. ಕುಟುಂಬದ ಹಾಸ್ಯ ಬರೆಯುವ ಇಂದಿನವರಿಗೆ ಬೆಳಗಾವಿ ಸೀಮೆಯ ಈ ಆಟ ಹಾಕಿಕೊಟ್ಟ ಮೇಲ್ಪಂಕ್ತಿಯೂ ಅದೇ.