ಬ್ಲ್ಯಾಕ್ ಮೆಸಾ: ಹದಿನೈದು ವರ್ಷ ಕಟ್ಟಿದ ಆಟ



ಭಾನುವಾರದ ಯುವಕೂಟ ಮುಗಿದ ಮೇಲೆ ನಮ್ಮ ಮಾತು ಆಟಗಳ ಕಡೆಗೇ ಹೊರಳುತ್ತದೆ. ಮನೆಯ ಹಿರಿಯರಿಗೆ ಅದು ಅಷ್ಟಾಗಿ ಹಿಡಿಸದು ಎಂಬುದೂ ನಮಗೆ ಗೊತ್ತು! ಈ ಸಲ ಆಡುವವರ ಬಗ್ಗೆ ಅಲ್ಲ, ಸಂಬಳವಿಲ್ಲದೆ ಆಟ ಕಟ್ಟಿದವರ ಬಗ್ಗೆ ಬರೆಯುತ್ತಿದ್ದೇವೆ.

1998ರಲ್ಲಿ ಅಮೆರಿಕದ ವಾಲ್ವ್ ಕಂಪನಿ ‘ಹಾಫ್-ಲೈಫ್’ ಎಂಬ ಕಂಪ್ಯೂಟರ್ ಆಟ ತಂದಿತು. ಬ್ಲ್ಯಾಕ್ ಮೆಸಾ ಎಂಬ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗವೊಂದು ಕೈಮೀರಿ, ವಿಜ್ಞಾನಿಯೊಬ್ಬ ಜೀವ ಉಳಿಸಿಕೊಳ್ಳಲು ಹೆಣಗುವ ಕಥೆ. 2004ರಲ್ಲಿ ಕಂಪನಿ ಅದನ್ನು ‘ಸೋರ್ಸ್’ ಎಂಬ ಹೊಸ ಎಂಜಿನ್‌ಗೆ ತಂದಾಗ ನೀರು, ನೆರಳು ಸ್ವಲ್ಪ ಸುಧಾರಿಸಿದವು. ಗೋಡೆ, ಮೇಜು, ಮುಖಗಳು ಮಾತ್ರ ಹಳೆಯವೇ. ಬೇಸರಗೊಂಡ ಅಭಿಮಾನಿಗಳ ಎರಡು ತಂಡಗಳು 2005ರಲ್ಲಿ ಒಂದಾಗಿ, ಇಡೀ ಆಟವನ್ನು ತಾವೇ ಮೊದಲಿನಿಂದ ಕಟ್ಟಲು ಹೊರಟವು.

ನೋಡಿ ನಕಲು ಮಾಡುವುದರಲ್ಲಿ ಏನು ಕಷ್ಟ ಎಂದು ನಮಗೂ ಅನಿಸಿತ್ತು. ಕಳೆದ ರಜೆಯಲ್ಲಿ ಅದೇ ಎಂಜಿನ್‌ನ ‘ಹ್ಯಾಮರ್’ ಎಡಿಟರ್‌ನಲ್ಲಿ ಒಂದೇ ಒಂದು ಕೋಣೆ ಕಟ್ಟಲು ಕೂತೆವು. ಲೆವೆಲ್ ಸುತ್ತಲೂ ಪೂರ್ತಿ ಮುಚ್ಚಿರಬೇಕು. ಛಾವಣಿಗೂ ಗೋಡೆಗೂ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ‘ಲೀಕ್’ ಎಂದು ತಕರಾರು ಬರುತ್ತದೆ. ಆ ಸಂದು ಹುಡುಕುವುದರಲ್ಲೇ ಎರಡು ಸಂಜೆ ಹೋಯಿತು. (ಆ ಎರಡು ತಂಡಗಳಲ್ಲಿ ಒಂದರ ಹೆಸರು ‘ಲೀಕ್‌ಫ್ರೀ’. ಅರ್ಥವಾದ ಮೇಲೆ ನಗು ಬಂತು.)

ನಿಜವಾದ ಕಷ್ಟ ಬೇರೆ. 1998ರ ಆಫೀಸು ಕೋಣೆ ಎಂದರೆ ನಾಲ್ಕು ಗೋಡೆ, ಮೇಲೆ ಅಂಟಿಸಿದ ಮಸುಕು ಚಿತ್ರಗಳು. ಉಳಿದದ್ದನ್ನು ಆಡುವವನ ಕಲ್ಪನೆಯೇ ತುಂಬುತ್ತಿತ್ತು. ಅದೇ ಅಳತೆಯಲ್ಲಿ ಹೊಸ ಎಂಜಿನ್‌ನಲ್ಲಿ ಕಟ್ಟಿದರೆ ಕೋಣೆ ಬಿಕೋ ಎನ್ನುತ್ತದೆ. ಕುರ್ಚಿ, ಫೋನು, ವಯರು, ಎಲ್ಲವನ್ನೂ ಯಾರಾದರೂ ಒಬ್ಬರು ಮಾಡಲೇಬೇಕು. ಹಾಗೆಂದು ಹಿಂದೆ ಓಡಿ ತಪ್ಪಿಸಿಕೊಳ್ಳುತ್ತಿದ್ದ ದಾರಿಯಲ್ಲಿ ಒಂದು ಮೇಜು ಇಟ್ಟರೆ ಕಾದಾಟವೇ ಬದಲಾಗುತ್ತದೆ. ಜನರ ನೆನಪಿನಲ್ಲಿ ಉಳಿದ ಕೋಣೆಯೇ ಬೇರೆ, ಪರದೆಯ ಮೇಲೆ ಇದ್ದ ಕೋಣೆಯೇ ಬೇರೆ. ನಮ್ಮ ಪ್ರಕಾರ ಅವರು ಕಟ್ಟಿದ್ದು ನೆನಪಿನ ಕೋಣೆಯನ್ನು.

2009ಕ್ಕೆ ಮುಗಿಸುತ್ತೇವೆಂದರು, ಆಗಲಿಲ್ಲ. ಜನ ಗೇಲಿ ಮಾಡಿದರು. ಕೊನೆಗೆ 2012ರ ಸೆಪ್ಟೆಂಬರ್‌ನಲ್ಲಿ ಉಚಿತವಾಗಿ ಬಿಟ್ಟಾಗಲೂ ‘ಝೆನ್’ ಎಂಬ ಅನ್ಯಲೋಕದ ಕೊನೆಯ ಭಾಗ ಇರಲಿಲ್ಲ. ಮೂಲ ಆಟದಲ್ಲೇ ಅದು ಅವಸರದ, ದುರ್ಬಲ ಭಾಗವೆಂದು ಹೆಸರಾಗಿತ್ತು. ಇದ್ದಂತೆ ಕಟ್ಟಿದರೆ ಯಾರಿಗೂ ಬೇಡ, ಹೊಸದಾಗಿ ಕಟ್ಟಲು ಮಾದರಿಯೇ ಇಲ್ಲ. ಅದಕ್ಕೆ 2019ರ ಡಿಸೆಂಬರ್‌ವರೆಗೆ ಹಿಡಿಯಿತು.

ಇಷ್ಟೆಲ್ಲ ಆದರೂ ಆಟದ ಹಕ್ಕು ಅವರದಲ್ಲ. 2016ರಲ್ಲಿ ಹಳೆಯ ‘ಮೆಟ್ರಾಯ್ಡ್ 2’ ಆಟವನ್ನು ಅಭಿಮಾನಿಯೊಬ್ಬ ಹೀಗೇ ಮತ್ತೆ ಕಟ್ಟಿ ಹಂಚಿದಾಗ, ನಿಂಟೆಂಡೊ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ತೆಗೆಸಿತು. ವಾಲ್ವ್ ಮಾತ್ರ ‘ಬ್ಲ್ಯಾಕ್ ಮೆಸಾ’ವನ್ನು ಮಾರಲು ಆ ತಂಡಕ್ಕೇ ಅನುಮತಿ ಕೊಟ್ಟಿತು.

2012ರ ಆವೃತ್ತಿಯಲ್ಲಿ ತಂಡ ಒಂದು ದೊಡ್ಡ ಅಧ್ಯಾಯವನ್ನು ಮೊಟಕು ಮಾಡಿತ್ತು. ಅದು ಒಪ್ಪಿಗೆಯಾಗದ ಆಟಗಾರನೊಬ್ಬ ಕತ್ತರಿಸಿದ ಭಾಗವನ್ನು ತಾನೇ ಕಟ್ಟಿ ಹಂಚಿದ. ತಂಡದವರು ಅವನನ್ನು ಕರೆದು ಸೇರಿಸಿಕೊಂಡರು. 2020ರ ಮಾರ್ಚ್‌ನಲ್ಲಿ ಪೂರ್ಣ ಆಟ ಬಂದಾಗ ಅವನು ಕಟ್ಟಿದ ಭಾಗವೂ ಅದರಲ್ಲಿತ್ತು.