ಅಸ್ತ್ರ ಒಲೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ, ಹೊಗೆಕೊಳವೆಯುಳ್ಳ ಮೂರು ಪಾತ್ರೆಗಳ ಮಣ್ಣಿನ ಸೌದೆ ಒಲೆ. ಅಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನ ಕೇಂದ್ರ 'ಅಸ್ತ್ರ'ದ ಹೆಸರೇ ಒಲೆಗೂ ಬಂದಿತು.

ಹಿನ್ನೆಲೆ: ವಾರ್ಧಾದ ಮಗನವಾಡಿಯ ಒಲೆಯೂ ಹೈದರಾಬಾದಿನ ಎಸ್. ಪಿ. ರಾಜು ಅವರ ಒಲೆಯೂ ಇದಕ್ಕೆ ಮೊದಲಿನವು. ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಿನ ಹಳ್ಳಿಗಳ ಸಮೀಕ್ಷೆಯಲ್ಲಿ ಶಕ್ತಿಯ ಬಹುಪಾಲು ಸೌದೆಯದೇ ಎಂಬುದು ಖಚಿತವಾದದ್ದು ಅಸ್ತ್ರದ ಕೆಲಸಕ್ಕೆ ನೆಲೆಯಾಯಿತು.

ರಚನೆ ಮತ್ತು ಉರಿ: ಒಣ ಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಕಾದಾಗ ಅನಿಲವಾಗಿ ಹೊರಡುತ್ತದೆ, ಇದ್ದಿಲಾಗಿ ಉಳಿಯುವುದು ಅಲ್ಪ. ಆ ಅನಿಲಕ್ಕೆ ಸಾಕಷ್ಟು ಶಾಖವೂ ಗಾಳಿಯೂ ಸಿಕ್ಕರೆ ಜ್ವಾಲೆ, ಇಲ್ಲದಿದ್ದರೆ ಹೊಗೆ. ಹಾಗೆಂದು ಗಾಳಿ ಮಿತಿಮೀರಿದರೆ ಉರಿ ತಣಿದು ಶಾಖ ಪಾತ್ರೆಗೆ ಸಿಗದೆ ಪೋಲಾಗುತ್ತದೆ. ಮೂರು ಕಲ್ಲಿನ ಒಲೆಯ ದೋಷ ಇದೇ. ಅಸ್ತ್ರ ಒಲೆಯಲ್ಲಿ ಸೌದೆ ತುಂಬುವ ಬಾಯಿಗೆ ಮುಚ್ಚಳವಿದೆ; ಗಾಳಿ ಅಳತೆಯ ಕಿಂಡಿಗಳಿಂದ, ಮುಖ್ಯವಾಗಿ ಕಬ್ಬಿಣದ ಜಾಲರಿಯ ಅಡಿಯಿಂದ ಬರುತ್ತದೆ. ಬಿಸಿ ಅನಿಲ ಮೊದಲ ಪಾತ್ರೆಯಿಂದ ಎರಡನೆಯದಕ್ಕೆ, ಮೂರನೆಯದಕ್ಕೆ ಸರಿದು ಕೊಳವೆ ಸೇರುತ್ತದೆ. ಪಾತ್ರೆಗಳು ಕುಳಿಯೊಳಗೆ ಇಳಿದು ಕೂರುವುದರಿಂದ ಆ ಮನೆಯ ಪಾತ್ರೆಗಳ ಅಳತೆಗೇ ಒಲೆ ಕಟ್ಟಬೇಕು. ಮುದ್ದೆ ತೊಳಸುವ ಭರಕ್ಕೆ ಅಂಚಿನ ಮಣ್ಣು ಉದುರಿ ಬೆರಳಗಲ ಸಂದು ಬಿದ್ದರೂ ಸಾಕು, ಅಲ್ಲಿಂದ ಹೊಗೆ ಅಡುಗೆಮನೆಗೆ ನುಗ್ಗುತ್ತದೆ. ಮೂರು ಕಲ್ಲಿನ ಒಲೆಯಲ್ಲಿ ಶಾಖದ ಶೇಕಡ 10ರ ಆಸುಪಾಸು ಪಾತ್ರೆಗೆ ಸಿಕ್ಕರೆ, ಸರಿಯಾಗಿ ಕಟ್ಟಿದ ಅಸ್ತ್ರ ಒಲೆಯಲ್ಲಿ 30ಕ್ಕೂ ಮೇಲೆ ದೊರೆತಿದೆ. ಇವು ಪರೀಕ್ಷೆಯ ಅಂಕಿಗಳು, ದಿನಬಳಕೆಯಲ್ಲಿ ಏರಿಳಿತ ಸಹಜ.

ಜೋಪಾನ: ಹಸಿ ಸೌದೆ ಉರಿಸಬಾರದು, ತೇವ ಆರುವಷ್ಟರಲ್ಲಿ ಉರಿ ತಣಿದು, ಕೊಳವೆಯೊಳಗೆ ಅಂಟುಮಸಿ ಕೂರುತ್ತದೆ. ಈ ಮಸಿಗೇ ಬೆಂಕಿ ಹತ್ತುವ ಅಪಾಯವಿದೆ. ಕೊಳವೆಯನ್ನು ಆಗಾಗ ಮೇಲಿನಿಂದ ಕೆಳಗಿನವರೆಗೆ ಕೆರೆಯಬೇಕು. ಜಾಲರಿಯ ಕೆಳಗಿನ ಬೂದಿ ನಿತ್ಯ ತೆಗೆಯಬೇಕು. ಹುಲ್ಲಿನ ಸೂರಿನ ಮನೆಯಲ್ಲಿ ಕೊಳವೆ ಸೂರಿಗೆ ತಾಗದಂತೆ ಅಂತರ ಬಿಡುವುದು ಅತ್ಯಗತ್ಯ. ಕೆಂಡ ಆರುವ ಮೊದಲೇ ಕಿಂಡಿ, ಕಿಟಕಿಗಳನ್ನೆಲ್ಲ ಮುಚ್ಚಿ ಮಲಗುವುದು ಪ್ರಾಣಾಂತಿಕ. ಕೆಂಡದಿಂದ ಹೊಮ್ಮುವ ವಿಷಾನಿಲವಾದ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಸಾರ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನು ಹಳ್ಳಿಗಳಿಗೆ ಒಯ್ದಿತು. ಕೇಂದ್ರ ಸರ್ಕಾರದ ಸುಧಾರಿತ ಒಲೆ ಕಾರ್ಯಕ್ರಮ 2002ರಲ್ಲಿ ನಿಂತಿತು. 2016ರ ಉಜ್ವಲಾ ಯೋಜನೆಯಿಂದ ಅಡುಗೆ ಅನಿಲ ವ್ಯಾಪಕವಾಯಿತು. ಆದರೂ ಮಲೆನಾಡಿನ ಅನೇಕ ಮನೆಗಳ ಬಚ್ಚಲೊಲೆಯಲ್ಲಿ ಸೌದೆ ಇಂದಿಗೂ ಉರಿಯುತ್ತಿದ್ದು, ಮೇಲಿನ ಎಚ್ಚರಿಕೆಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.