ಒಡಕು ದನಿಯ ವಂಶಾವಳಿ

ಮಾರ್ಟಿ ರಾಬಿನ್ಸ್ ಹಾಡಿದ ‘ಡೋಂಟ್ ವರಿ’ ಒಂದು ನಿಧಾನಗತಿಯ ಕಂಟ್ರಿ ಗೀತೆ. 1961ರಲ್ಲಿ ಅಮೆರಿಕದ ಕಂಟ್ರಿ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು. ಮೃದು ಕಂಠ, ವಿರಹದ ಮಾತು, ಎಲ್ಲವೂ ಹದವಾಗಿ ಸಾಗುತ್ತಿರುವಾಗ ನಡುವೆ ಗ್ರೇಡಿ ಮಾರ್ಟಿನ್ ನುಡಿಸಿದ ಆರು ತಂತಿಯ ಬೇಸ್ ಗಿಟಾರ್ ಇದ್ದಕ್ಕಿದ್ದಂತೆ ಗೊರಗುಟ್ಟತೊಡಗುತ್ತದೆ. ನನ್ನಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಬರುವ ಮಕ್ಕಳು ದನಿ ಒಡೆಯುವ (ಡಿಸ್ಟಾರ್ಷನ್) ಪೆಡಲ್ ಕೊಳ್ಳುವ ಮಾತು ತೆಗೆದ ದಿನವೇ ಈ ಹಾಡು ಕೇಳಿಸುತ್ತೇನೆ. ಅವರು ಕೇಳಬಯಸುವುದು ಮೆಟಾಲಿಕಾ. ಆದರೆ ಆ ಮನೆತನದ ಮೂಲಪುರುಷ ಇಲ್ಲಿದ್ದಾನೆ.

ಅಂದು ನ್ಯಾಶ್‌ವಿಲ್‌ನ ಸ್ಟುಡಿಯೋದಲ್ಲಿ ಕೆಟ್ಟಿದ್ದು ಗಿಟಾರ್ ಅಲ್ಲ, ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್. ಅದರ ಟ್ರಾನ್ಸ್‌ಫಾರ್ಮರ್ ಕೈಕೊಟ್ಟಿತ್ತು. ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಚಾನೆಲ್ಲನ್ನು ಬಿಚ್ಚಿ ಬಿಸಾಡಬಹುದಿತ್ತು, ಇನ್ನೊಮ್ಮೆ ನುಡಿಸಿ ಎನ್ನಬಹುದಿತ್ತು. ಆದರೆ ಆ ನುಡಿಸಾಣಿಕೆ ಹಾಗೇ ಉಳಿಯಿತು. ಹಾಡು ಗೆದ್ದ ಮೇಲೆ ಬೇರೆ ಕಲಾವಿದರೂ ಅದೇ ದನಿ ಬೇಕೆಂದು ಬಂದರು. ಅಷ್ಟರಲ್ಲಿ ಕೆಟ್ಟ ಚಾನೆಲ್ ಪೂರ್ತಿ ಸತ್ತುಹೋಗಿತ್ತು. ಸ್ನಾಡಿ ಇನ್ನೊಬ್ಬ ಎಂಜಿನಿಯರ್ ರೆವಿಸ್ ಹಾಬ್ಸ್ ಜೊತೆ ಸೇರಿ, ಆ ಕೆಡುಕು ಏನೆಂದು ಕಿವಿಯಿಂದ ಅಳೆದು, ಮೂರು ಜರ್ಮೇನಿಯಂ ಟ್ರಾನ್ಸಿಸ್ಟರುಗಳಲ್ಲಿ ಅದನ್ನು ಮತ್ತೆ ಹುಟ್ಟಿಸಿದರು. ಗಿಬ್ಸನ್ ಬಳಗ 1962ರಲ್ಲಿ ಅದನ್ನು ‘ಮ್ಯಾಸ್ಟ್ರೋ ಫಜ್-ಟೋನ್’ ಎಂದು ಮಾರಾಟಕ್ಕಿಟ್ಟಿತು. ಕಾಲಲ್ಲಿ ಒತ್ತುವ ಗುಂಡಿ, ಒಳಗೆ ಒಂದೂವರೆ ವೋಲ್ಟಿನ ಎರಡು ಬ್ಯಾಟರಿ. ಒಂದು ಕಸುಬು ಹೀಗೆ ಶುರುವಾಯಿತು.

ಒಡಕು ದನಿ ಅದಕ್ಕೂ ಮುಂಚೆ ಇತ್ತು. 1951ರ ‘ರಾಕೆಟ್ 88’ ಹಾಡಿನ ಮುದ್ರಣಕ್ಕೆ ಮೆಂಫಿಸ್‌ಗೆ ಬಂದ ಐಕ್ ಟರ್ನರ್ ತಂಡದ ಆಂಪ್ ದಾರಿಯಲ್ಲೇ ಜಖಂ ಆಗಿತ್ತು; ಸ್ಟುಡಿಯೋದ ಸ್ಯಾಮ್ ಫಿಲಿಪ್ಸ್ ಅದರ ಸ್ಪೀಕರಿನೊಳಗೆ ಕಾಗದ ತುರುಕಿ ಕೆಲಸ ಮುಗಿಸಿದರು. ಗಿಟಾರ್ ವಾದಕ ಲಿಂಕ್ ರೇ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಹೊಡೆದರು. ಕಿಂಕ್ಸ್ ತಂಡದ ಡೇವ್ ಡೇವಿಸ್ 1964ರಲ್ಲೂ ತಮ್ಮ ಪುಟ್ಟ ಆಂಪ್‌ನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದವರೇ. ಆದರೆ ಸೀಳಿದ ಸ್ಪೀಕರ್ ಸೀಳಿದ್ದೇ. ಮುಂದಿನ ಹಾಡಿಗೆ ಶುದ್ಧ ದನಿ ಬೇಕೆಂದರೆ ಏನು ಮಾಡುವುದು? ಬೇಕೆಂದಾಗ ಒಡೆದು ಬೇಡವೆಂದಾಗ ಕೂಡಿಕೊಳ್ಳುವ ದನಿಯನ್ನು ಕೊಟ್ಟಿದ್ದು ಸ್ನಾಡಿಯ ಪೆಟ್ಟಿಗೆ.

ಅದನ್ನು ತಯಾರಿಸಿದವರಿಗೇ ಅದು ಯಾತಕ್ಕೆಂದು ತಿಳಿದಿರಲಿಲ್ಲ. ಗಿಟಾರಿನಲ್ಲಿ ಟ್ರಂಪೆಟ್, ಟ್ರಾಂಬೋನ್, ಟ್ಯೂಬಾ ನುಡಿಸಬಹುದೆಂದು ಜಾಹೀರಾತು ಕೊಟ್ಟರು. ಮೊದಲ ವರ್ಷ ಅಂಗಡಿಗಳು ಕೊಂಡುಕೊಂಡವು, ಆಮೇಲೆ ಕೇಳುವವರಿಲ್ಲ. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿಗೆ ಇದೇ ಪೆಡಲ್ ತುಳಿದರು. ಅವರ ಮನಸ್ಸಿನಲ್ಲಿದ್ದದ್ದೂ ಹಿತ್ತಾಳೆ ವಾದ್ಯಗಳೇ. ಮುಂದೆ ಹಾರ್ನ್‌ಗಳು ನುಡಿಸಲೆಂದು ಗುರುತಿಗಾಗಿ ನುಡಿಸಿಟ್ಟ ಸಾಲು ಅದು, ಗುರುತೇ ಹಾಡಾಯಿತು. ಅಂಗಡಿಯಲ್ಲಿ ಕೊಳೆಯುತ್ತಿದ್ದ ಪೆಟ್ಟಿಗೆಗಳು ಆ ವರ್ಷ ಮುಗಿಯುವಷ್ಟರಲ್ಲಿ ಖಾಲಿ.

ಲಂಡನ್ನಿನಲ್ಲಿ ಗ್ಯಾರಿ ಹರ್ಸ್ಟ್ 1965ರಲ್ಲಿ ‘ಟೋನ್ ಬೆಂಡರ್’ ಪೆಡಲ್ ಮಾಡಿದರು. ಮರುವರ್ಷ ಐವರ್ ಆರ್ಬಿಟರ್ ಅವರ ದುಂಡನೆಯ ‘ಫಜ್ ಫೇಸ್’ ಬಂತು. ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದು ಅದೇ. ಇಡೀ ಯಂತ್ರಕ್ಕೆ ಎರಡು ಟ್ರಾನ್ಸಿಸ್ಟರ್, ಬೆರಳೆಣಿಕೆಯಷ್ಟು ಬಿಡಿಭಾಗ. ಜರ್ಮೇನಿಯಂನ ಸ್ವಭಾವ ವಿಚಿತ್ರ. ಒಂದರಂತೆ ಇನ್ನೊಂದಿರುವುದಿಲ್ಲ, ಹಾಗಾಗಿ ಒಂದೇ ಅಂಗಡಿಯ ಎರಡು ಫಜ್ ಫೇಸ್‌ಗಳ ದನಿ ಬೇರೆ ಬೇರೆ. ಬಿಸಿಯೇರಿದಂತೆ ಅದರೊಳಗೆ ಸೋರುವ ವಿದ್ಯುತ್ ಹೆಚ್ಚಾಗಿ, ಬೆಳಗ್ಗೆ ಚೆನ್ನಾಗಿ ನುಡಿದದ್ದು ಮಧ್ಯಾಹ್ನದ ಬಯಲು ವೇದಿಕೆಯಲ್ಲಿ ಉಸಿರುಗಟ್ಟುತ್ತದೆ. 1960ರ ದಶಕದ ಕೊನೆಗೆ ಸಿಲಿಕಾನ್ ಬಂದು ಈ ಚಂಚಲತೆಯನ್ನು ಬಹುಪಾಲು ಕಳೆಯಿತು. ದನಿ ಹರಿತವಾಯಿತು, ಮೆದುತನ ಕಡಿಮೆಯಾಯಿತು.

ನಮ್ಮ ಬೆಂಗಳೂರಿಗೂ ಜರ್ಮೇನಿಯಂನ ನಂಟಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಜರ್ಮೇನಿಯಂ ಬಿಡಿಭಾಗಗಳನ್ನು ತಯಾರಿಸತೊಡಗಿದ್ದು 1962ರಲ್ಲಿ, ಅಂದರೆ ಫಜ್-ಟೋನ್ ಅಂಗಡಿಗೆ ಬಂದ ವರ್ಷವೇ. ಇಲ್ಲಿ ಅದು ರೇಡಿಯೋದೊಳಗೆ ಹೋಯಿತು, ಸುದ್ದಿ ಓದಿತು, ಚಿತ್ರಗೀತೆ ಹಾಡಿತು. ಅದೇ ಟ್ರಾನ್ಸಿಸ್ಟರನ್ನು ಬೇಕೆಂದೇ ಅತಿಯಾಗಿ ದುಡಿಸಿದರೆ ಹೆಂಡ್ರಿಕ್ಸ್‌ನ ದನಿ ಬರುತ್ತದೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಹಳೆಯ ರೇಡಿಯೋ ಬೋರ್ಡುಗಳನ್ನು ಕೆದಕಿ, ಟ್ರಾನ್ಸಿಸ್ಟರ್ ಆರಿಸಿ, ಫಜ್ ಕಟ್ಟುವ ಗೀಳು ನನಗೆ ಅಂದಿನಿಂದ ಬಿಟ್ಟಿಲ್ಲ. ಏಪ್ರಿಲ್ ತಿಂಗಳಲ್ಲಿ ಅವು ಮೊಂಡು ಹಿಡಿಯುವುದನ್ನು ಸ್ವಂತ ಕಿವಿಯಿಂದ ಕೇಳಿದ್ದೇನೆ.

ಇಂದಿನ ಹೊಸಬರು ಕೊಳ್ಳುವ ಪೆಡಲ್‌ಗಳ ಪೂರ್ವಜರೆಲ್ಲ ಸುಮಾರು ಒಂದೇ ಕಾಲದವರು. ಅಮೆರಿಕದ ಕಲಮಜೂ ಊರಿನಲ್ಲಿ ‘ರ‍್ಯಾಟ್’, ಜಪಾನಿನಲ್ಲಿ ಬಾಸ್ ಕಂಪನಿಯ ಕಿತ್ತಳೆ ಬಣ್ಣದ ‘ಡಿಎಸ್-1’, ಇವೆರಡೂ 1978ರವು. ಐಬನೀಜ್‌ನ ಹಸಿರು ‘ಟ್ಯೂಬ್ ಸ್ಕ್ರೀಮರ್’ ಅದರ ಬೆನ್ನಿಗೇ ಬಂತು. ಒಳಗೆ ನಡೆಯುವುದು ಒಂದೇ ಕೆಲಸ: ದನಿಯ ಅಲೆಯನ್ನು ಹಿಗ್ಗಿಸಿ, ಡಯೋಡುಗಳಿಂದ ಅದರ ನೆತ್ತಿ ಕತ್ತರಿಸುವುದು. ನೆತ್ತಿ ಚಪ್ಪಟೆಯಾದಷ್ಟೂ ಮೂಲ ಸ್ವರದ ಮೇಲೆ ಹೊಸ ಉಪಸ್ವರಗಳು ಹುಟ್ಟುತ್ತವೆ. ಟ್ಯೂಬ್ ಸ್ಕ್ರೀಮರಿನಲ್ಲಿ ಡಯೋಡ್ ಇರುವುದು ಆಂಪ್ಲಿಫೈಯರಿನ ಮರಳುದಾರಿಯಲ್ಲಿ. ಅಲೆಯ ಅಂಚು ದುಂಡಗಾಗಿ ಕತ್ತರಿಸಲ್ಪಡುತ್ತದೆ, ಬೆರಳಿನ ಒತ್ತು ಕಿವಿಗೆ ಕೇಳುತ್ತಲೇ ಇರುತ್ತದೆ. ರ‍್ಯಾಟ್ ಮತ್ತು ಡಿಎಸ್-1ರಲ್ಲಿ ಡಯೋಡ್ ಅಲೆಯನ್ನು ನೇರ ನೆಲಕ್ಕಿಳಿಸುತ್ತದೆ. ಕತ್ತರಿಕೆ ಚೂಪು, ದನಿ ಒರಟು. ಬೆಲೆ, ಬಣ್ಣ, ಯಾರು ಬಳಸಿದರು ಎಂಬುದೆಲ್ಲ ಆಮೇಲೆ. ಹೊಸಬರು ಕೇಳಿ ಗುರುತಿಸಬೇಕಾದ್ದು ಈ ವ್ಯತ್ಯಾಸವನ್ನು.

ಬಾಸ್‌ನ ‘ಎಚ್‌ಎಂ-2’ ಕಥೆ ನನಗೆ ತುಂಬ ಇಷ್ಟ. 1983ರಲ್ಲಿ ಬಂದ ಈ ಪೆಡಲ್ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು, 1991ರಲ್ಲಿ ತಯಾರಿಕೆಯೇ ನಿಂತಿತು. ಅಷ್ಟರಲ್ಲಿ ಸ್ಟಾಕ್‌ಹೋಮಿನ ಹುಡುಗರು ಅದರ ನಾಲ್ಕೂ ಗುಂಡಿಗಳನ್ನು ಕೊನೆಯವರೆಗೆ ತಿರುಗಿಸಿಬಿಟ್ಟಿದ್ದರು. ಎಂಟೂಂಬ್ಡ್ ತಂಡದ 1990ರ ಮೊದಲ ಆಲ್ಬಂನಲ್ಲಿ ಮರ ಕೊಯ್ಯುವ ಯಂತ್ರದಂತೆ ಮೊರೆಯುವುದು ಅದೇ. ಸ್ವೀಡನ್ನಿನ ಡೆತ್ ಮೆಟಲ್‌ಗೆ ಗುರುತು ಕೊಟ್ಟ ಆ ದನಿಗಾಗಿ ಬಾಸ್ 2021ರಲ್ಲಿ ಅದನ್ನು ಮತ್ತೆ ಹೊರತಂದಿತು. ಕಂಪನಿ ಕೈಬಿಟ್ಟ ಪೆಟ್ಟಿಗೆಯ ಗತಿಯನ್ನು ನಿರ್ಧರಿಸಿದ್ದು ಹದಿಹರೆಯದವರ ಕಿವಿ.

ಹಾಗಾಗಿ ನನ್ನ ಸಲಹೆ ಇಷ್ಟು: ಮೊದಲು ದನಿ ಆರಿಸಿಕೊಳ್ಳಿ, ಪೆಟ್ಟಿಗೆ ಆಮೇಲೆ. ಯಾವ ಆಲ್ಬಂನ ಯಾವ ಹಾಡಿನ ಗಿಟಾರ್ ನಿಮ್ಮನ್ನು ನಿದ್ದೆಗೆಡಿಸಿತೋ ಅದನ್ನು ಹಿಡಿದು ಅಂಗಡಿಗೆ ಹೋಗಿ, ನಿಮ್ಮದೇ ಗಿಟಾರನ್ನು ಸಿಕ್ಕಿಸಿ ನೋಡಿ. ನೂರು ದನಿಗಳ ಮಲ್ಟಿ-ಎಫೆಕ್ಟ್ ಪೆಟ್ಟಿಗೆಗಿಂತ ಮೂರು ಗುಂಡಿಯ ಒಂದು ಪೆಡಲ್ ಹೊಸಬರಿಗೆ ಲೇಸೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಮೂರು ಗುಂಡಿಗಳ ಒಳಹೊರಗು ಒಂದು ತಿಂಗಳಲ್ಲಿ ತಿಳಿಯುತ್ತದೆ.

ಇನ್ನೊಂದು ಪ್ರಯೋಗ ಎಲ್ಲರಿಂದಲೂ ಮಾಡಿಸುತ್ತೇನೆ. ಡಿಸ್ಟಾರ್ಷನ್ ಏರಿಸಿ ಷಡ್ಜ, ಪಂಚಮ, ಮೇಲಿನ ಷಡ್ಜ ಒಟ್ಟಿಗೆ ಮೀಟಿದರೆ ದನಿ ಗೋಡೆಯಂತೆ ನಿಲ್ಲುತ್ತದೆ. ನಡುವೆ ಅಂತರ ಗಾಂಧಾರ ಸೇರಿಸಿದರೆ ಕಲಸುಮೇಲೋಗರ. ಕತ್ತರಿಸಿದ ಅಲೆಗಳು ಒಂದನ್ನೊಂದು ಉಜ್ಜಿ ಬೇಡದ ಸ್ವರಗಳನ್ನು ಎಬ್ಬಿಸುತ್ತವೆ. ರಾಕ್ ಸಂಗೀತ ಪವರ್ ಕಾರ್ಡ್ ಎಂಬ ಸ-ಪ ಜೋಡಿಗೆ ಅಂಟಿಕೊಂಡದ್ದಕ್ಕೆ ಇದು ದೊಡ್ಡ ಕಾರಣ. ಮನೆಯಲ್ಲಿ ತಂಬೂರಿ ಕೇಳಿ ಬೆಳೆದ ಮಕ್ಕಳಿಗೆ ಇದು ಚಿಟಿಕೆಯಲ್ಲಿ ಅರ್ಥವಾಗುತ್ತದೆ. ತಂಬೂರಿಯ ಕುದುರೆಯ ಮೇಲೆ, ತಂತಿಯಡಿ ದಾರದ ಎಳೆ ಸಿಕ್ಕಿಸಿ ನಾದ ಝೇಂಕರಿಸುವಂತೆ ಮಾಡಿದವರೂ ಉಪಸ್ವರಗಳನ್ನು ಬೇಕೆಂದೇ ಕರೆದವರಲ್ಲವೇ!

ಕಲಿಕೆಯ ದಾರಿಗೂ ಒಂದು ಚರಿತ್ರೆಯಿದೆ. 1957ರಲ್ಲಿ ಬರ್ಟ್ ವೀಡನ್ ಬರೆದ ‘ಪ್ಲೇ ಇನ್ ಎ ಡೇ’ ಎಂಬ ತೆಳು ಪುಸ್ತಕವನ್ನು ಹಿಡಿದು ಜಾರ್ಜ್ ಹ್ಯಾರಿಸನ್, ಎರಿಕ್ ಕ್ಲಾಪ್ಟನ್ ಅಂಥವರು ಗಿಟಾರಿಗೆ ಕೈಯಿಟ್ಟರು. ಮೊದಲ ಕಾರ್ಡುಗಳ ಆಚೆಗೆ ಅವರ ಗುರು ರೆಕಾರ್ಡೇ. ಅಂದಿನ ಹಲವು ರೆಕಾರ್ಡ್ ಪ್ಲೇಯರುಗಳಲ್ಲಿ ನಿಮಿಷಕ್ಕೆ 16 ಸುತ್ತಿನ ವೇಗವೂ ಇತ್ತು. 33ರ ತಟ್ಟೆಯನ್ನು ಅದರಲ್ಲಿ ಓಡಿಸಿದರೆ ವೇಗ ಅರ್ಧವಾಗುತ್ತದೆ, ಶ್ರುತಿ ಸರಿಯಾಗಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ಸ್ವರಗಳು ಅವೇ ಉಳಿಯುತ್ತವೆ. ಎಷ್ಟೋ ಸೋಲೋಗಳು ಹಾಗೆ ಬೆರಳಿಗೆ ಇಳಿದವು. ನನ್ನ ಕಾಲಕ್ಕೆ ಕ್ಯಾಸೆಟ್. ಹಿಂದೆ ಸುತ್ತುವುದು, ಕೇಳುವುದು, ಮತ್ತೆ ಸುತ್ತುವುದು. ಟೇಪ್ ಸವೆದು ತಾರಸ್ಥಾಯಿ ಮಸುಕಾಗುತ್ತಿತ್ತು. ಯಾವ ತಂತಿಯನ್ನು ಎಲ್ಲಿ ಒತ್ತಬೇಕೆಂದು ಅಂಕಿಯಲ್ಲಿ ತೋರಿಸುವ, ವಿದೇಶಿ ಪತ್ರಿಕೆಗಳ ಟ್ಯಾಬ್ ಪುಟಗಳು ಜೆರಾಕ್ಸಿನ ಜೆರಾಕ್ಸಾಗಿ ಕೈಗೆ ಬಂದಾಗ 3 ಯಾವುದು 8 ಯಾವುದು ತಿಳಿಯುತ್ತಿರಲಿಲ್ಲ. ಕಿವಿಯೇ ತೀರ್ಪು ಕೊಡಬೇಕಿತ್ತು. 1993ರಲ್ಲಿ ಅಲಹಾಬಾದಿನಿಂದ ‘ರಾಕ್ ಸ್ಟ್ರೀಟ್ ಜರ್ನಲ್’ ಬರತೊಡಗಿದಾಗ ನಮ್ಮ ದೇಶದ ತಂಡಗಳ ಬಗ್ಗೆ ಓದುವ ಸುಖ ಸಿಕ್ಕಿತು.

ಈಗ ಪಾಠಗಳಿಗೆ ಬರವಿಲ್ಲ; ಫೋನಿನಲ್ಲೇ ಶ್ರುತಿ ಕೆಡದಂತೆ ಹಾಡನ್ನು ನಿಧಾನಗೊಳಿಸಬಹುದು. ಒಂದೇ ಶಿಕ್ಷಕರ ಪಾಠಮಾಲೆಯನ್ನು ಮೊದಲಿಂದ ಕೊನೆವರೆಗೆ ಹಿಡಿಯಿರಿ ಎನ್ನುತ್ತೇನೆ. ಹತ್ತು ಕಡೆ ಮೂಗು ತೂರಿಸಿದವರು ಹತ್ತು ಹಾಡಿನ ಮೊದಲ ಸಾಲಿನಲ್ಲೇ ಉಳಿದಿದ್ದಾರೆ. ಟ್ಯಾಬ್ ತೆರೆಯುವ ಮುಂಚೆ ಆ ಸಾಲನ್ನು ಬಾಯಲ್ಲಿ ಹಾಡಿಸುತ್ತೇನೆ, ಪೆಡಲ್ ಬಂದ್ ಮಾಡಿಸಿ ಶುದ್ಧ ದನಿಯಲ್ಲಿ ಹುಡುಕಿಸುತ್ತೇನೆ. ಸ್ವರ ಸಿಕ್ಕ ಮೇಲೆ ಟ್ಯಾಬ್ ತೆಗೆದು ತಾಳೆ ನೋಡುತ್ತೇವೆ. ಟ್ಯಾಬ್ ತಪ್ಪಿರುವುದು ಅಪರೂಪವೇನಲ್ಲ; ಆಗ ಮಕ್ಕಳೇ ಪೆನ್ಸಿಲ್ ತೆಗೆದುಕೊಂಡು ಅಂಕಿ ತಿದ್ದುತ್ತಾರೆ.